ಹಳೇ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ (ಈಗಿನ ಡಬ್ಲ್ಯೂಡಬ್ಲ್ಯೂಇ, ಅಮೆರಿಕದ ಕುಸ್ತಿ ಶೋ) ನಿಮಗೆ ಮರೆಯಲಾಗದ ಮ್ಯಾನೇಜರ್ ಯಾರು? ಕುಸ್ತಿಯನ್ನೇ ಆಡದವರಿಗೆ ರಿಂಗ್ ಪಕ್ಕ ಏನು ಕೆಲಸ?

ನನ್ನ ಮಟ್ಟಿಗೆ ಪಾಲ್ ಬೇರರ್.

1990ರ ನವೆಂಬರ್‌ನಲ್ಲಿ ಅಂಡರ್‌ಟೇಕರ್ ಅನ್ನುವ ಪೈಲ್ವಾನ ಮೊದಲ ಸಲ ಟಿವಿಯಲ್ಲಿ ಕಾಣಿಸಿಕೊಂಡಾಗ ಮ್ಯಾನೇಜರ್ ಬೇರೆಯವನಿದ್ದ, ಬ್ರದರ್ ಲವ್ ಅಂತ. ಕೆಲವೇ ತಿಂಗಳಲ್ಲಿ ಪಾಲ್ ಬೇರರ್ ಬಂದ. ಬಿಳಿಚಿಕೊಂಡ ದುಂಡು ಮುಖ, ಕಪ್ಪು ಸೂಟು, ಕೀರಲು ದನಿ, ಕೈಯಲ್ಲಿ ಅಸ್ಥಿ ಕುಡಿಕೆ. ಅಂಡರ್‌ಟೇಕರ್ ಏಟು ತಿಂದು ಬಿದ್ದರೆ ಇವನು ಕುಡಿಕೆ ಎತ್ತಿ ಹಿಡಿಯುತ್ತಿದ್ದ, ಅವನು ದಡಕ್ಕನೆ ಎದ್ದು ಕೂರುತ್ತಿದ್ದ. ನಮ್ಮ ಕಡೆ ಟ್ರಂಪ್ ಕಾರ್ಡ್ ಆಡುವ ಹುಡುಗರು ಅಂಡರ್‌ಟೇಕರ್‌ಗೆ ಏಳು ಜೀವ ಅಂತ ನಂಬಿದ್ದು ಸುಮ್ನೆ ಅಲ್ಲ!

ಆ ಪಾತ್ರ ಮಾಡಿದವರು ಅಲಬಾಮಾದ ವಿಲಿಯಂ ಮೂಡಿ. ಶವಸಂಸ್ಕಾರ ಮಾಡಿಸುವುದು ನಿಜಕ್ಕೂ ಅವರ ಕಸುಬಾಗಿತ್ತು, ಲೈಸೆನ್ಸ್ ಕೂಡ ಇತ್ತು. ಅದಕ್ಕೇ ಆ ನಡಿಗೆ, ಆ ಗಾಂಭೀರ್ಯ ಅಷ್ಟು ಸಹಜವಾಗಿತ್ತು ಅಂತ ನನಗೆ ಅನಿಸುತ್ತದೆ. ಅಂಡರ್‌ಟೇಕರ್ ಹೆಚ್ಚು ಮಾತಾಡದ ಪಾತ್ರ. ಹೆದರಿಸುವ ಮಾತು ಹೆಚ್ಚಾಗಿ ಇವರೇ ಆಡಬೇಕಿತ್ತು.

1996ರ ಸಮ್ಮರ್‌ಸ್ಲ್ಯಾಮ್ ಅನ್ನುವ ದೊಡ್ಡ ಶೋ ನೋಡಿ. ಮ್ಯಾನ್‌ಕೈಂಡ್ ಅನ್ನುವ ಪೈಲ್ವಾನನ ಜೊತೆ ಅಂಡರ್‌ಟೇಕರ್‌ಗೆ ಬಾಯ್ಲರ್ ಕೋಣೆಯಲ್ಲಿ ಶುರುವಾದ ಹೊಡೆದಾಟ. ಮೊದಲು ರಿಂಗ್‌ಗೆ ಬಂದು ಪಾಲ್ ಬೇರರ್ ಕೈಯಿಂದ ಕುಡಿಕೆ ಪಡೆದವನೇ ಗೆದ್ದ ಹಾಗೆ. ಅಂಡರ್‌ಟೇಕರ್ ಮಂಡಿಯೂರಿ ಕೈ ಚಾಚುತ್ತಾನೆ. ಪಾಲ್ ಬೇರರ್ ಬೆನ್ನು ತಿರುಗಿಸುತ್ತಾನೆ. ಕೊನೆಗೆ ಅದೇ ಕುಡಿಕೆಯಿಂದ ಅವನ ತಲೆಗೇ ಬಾರಿಸುತ್ತಾನೆ. ಐದು ವರ್ಷ ಜೊತೆಗಿದ್ದವನ ದ್ರೋಹ ಅದು, ಹೊಟ್ಟೆ ಉರಿಯದೇ ಇರುತ್ತಾ? ಮರುವರ್ಷ ಕೇನ್ ಅನ್ನುವ ಪೈಲ್ವಾನನನ್ನು ಕರೆತಂದವನೂ ಇವನೇ. ಬೆಂಕಿಯಲ್ಲಿ ಸತ್ತ ಅಂದುಕೊಂಡಿದ್ದ ಅಂಡರ್‌ಟೇಕರ್‌ನ ತಮ್ಮ ಬದುಕಿದ್ದಾನೆ ಅನ್ನುವ ಇಡೀ ಕಥೆಯನ್ನು ತಿಂಗಳುಗಟ್ಟಲೆ ಬರೀ ಮಾತಿನಲ್ಲೇ ಕಟ್ಟಿದರು. ಅಕ್ಟೋಬರ್‌ನಲ್ಲಿ ಕೇನ್, ಅಂಡರ್‌ಟೇಕರ್ ಆಡುತ್ತಿದ್ದ ಪಂಜರದ ಬಾಗಿಲು ಕಿತ್ತು ಒಳಗೆ ಬಂದಾಗ ಅವನು ಯಾರು ಅಂತ ಯಾರೂ ಕೇಳಬೇಕಾಗಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಇನ್ನೊಬ್ಬ ಮ್ಯಾನೇಜರ್ ಬಾಬಿ ಹೀನನ್ ಅವರೇ ಉತ್ತರ. ಕಸುಬಿನ ಲೆಕ್ಕದಲ್ಲಿ ಅವರೇ ಎಲ್ಲರಿಗಿಂತ ದೊಡ್ಡವರು. 1987ರ ರೆಸಲ್‌ಮೇನಿಯಾ ಅನ್ನುವ ದೊಡ್ಡ ಶೋನಲ್ಲಿ ಹಲ್ಕ್ ಹೋಗನ್‌ಗೆ ಎದುರಾದ ಆಂಡ್ರೆ ದಿ ಜೈಂಟ್‌ನನ್ನು ಜನ ವರ್ಷಗಟ್ಟಲೆ ಪ್ರೀತಿಸಿದ್ದರು. ಅಂಥವನ ಮೇಲೆ ಸಿಟ್ಟು ಬರಿಸುವುದು ಸುಲಭ ಅಲ್ಲ. ಹೀನನ್ ಪಕ್ಕದಲ್ಲಿ ನಿಂತು ನಗುತ್ತಾ ಚುಚ್ಚಿ ಮಾತಾಡಿದರು, ಜನರ ಸಿಟ್ಟೆಲ್ಲ ತಮ್ಮ ಮೇಲೆ ಎಳೆದುಕೊಂಡರು. ಆ ಶೋ ನಡೆದ ಪಾಂಟಿಯಾಕ್ ಸ್ಟೇಡಿಯಂನಲ್ಲಿ 93,173 ಜನ ಸೇರಿದ್ದರು ಅಂತ ಕಂಪನಿ ಘೋಷಿಸಿತು. ಇನ್ನೊಂದು ಲಾಭವೂ ಇದೆ. ಮ್ಯಾನೇಜರ್ ಒದೆ ತಿಂದರೆ ಜನರಿಗೆ ಸಮಾಧಾನ, ಆದರೆ ಅವನ ಪೈಲ್ವಾನನ ಮರ್ಯಾದೆ ಹಾಗೇ ಉಳಿಯುತ್ತದೆ. ಹೀನನ್ ತಾವೂ ಕುಸ್ತಿ ಆಡಿದವರು, ಹಾಗಾಗಿ ಹೇಗೆ ಬೀಳಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ಮೆಗಾಫೋನ್ ಹಿಡಿದು ಕಿರುಚುವ ಜಿಮ್ಮಿ ಹಾರ್ಟ್, ರ‍್ಯಾಂಡಿ ಸ್ಯಾವೇಜ್ ಜೊತೆ ಹೆಚ್ಚು ಮಾತಾಡದೇ ನಿಲ್ಲುತ್ತಿದ್ದ ಮಿಸ್ ಎಲಿಜಬೆತ್ ಕೂಡ ನನಗೆ ಇಷ್ಟ. ಆದರೆ ಒಂದೇ ಒಂದು ನೋಡುವುದಿದ್ದರೆ 1992ರ ರಾಯಲ್ ರಂಬಲ್ ನೋಡಿ, ಒಬ್ಬೊಬ್ಬರಾಗಿ 30 ಪೈಲ್ವಾನರು ರಿಂಗ್‌ಗೆ ಬಂದು ಕೊನೆಗೆ ಉಳಿದವನು ಗೆಲ್ಲುವ ಆಟ. ರಿಕ್ ಫ್ಲೇರ್ ಮೂರನೆಯವನಾಗಿ ಬಂದು ಸುಮಾರು ಒಂದು ಗಂಟೆ ಉಳಿದು ಗೆಲ್ಲುತ್ತಾನೆ. ಕಾಮೆಂಟ್ರಿಯಲ್ಲಿ ಹೀನನ್ ಅವನಿಗಾಗಿ ಬೇಡುತ್ತಾರೆ, ರೇಗುತ್ತಾರೆ, ಒದ್ದಾಡುತ್ತಾರೆ. ಸೌಂಡ್ ಜಾಸ್ತಿ ಇಟ್ಟುಕೊಂಡು ನೋಡಿ.