ಗರ್ಭಕೋಶ ತೆಗೆದ ಮೇಲಿನ ಆರು ವಾರಗಳು

ಪ್ರಶ್ನೆ: ನನಗೆ 44 ವರ್ಷ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್ ಆಗಿದ್ದೇನೆ. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಮಾತ್ರೆ ನುಂಗಿದರೂ ವಿಪರೀತ ರಕ್ತಸ್ರಾವ ನಿಲ್ಲದೆ, ಮೈಯಲ್ಲಿ ರಕ್ತ ಕಡಿಮೆಯಾಗಿ, ಮೂರು ವಾರಗಳ ಹಿಂದೆ ಲ್ಯಾಪರೊಸ್ಕೋಪಿ ಮೂಲಕ ಗರ್ಭಕೋಶ ತೆಗೆದರು. ಅಂಡಾಶಯಗಳನ್ನು ಉಳಿಸಿದ್ದಾರೆ. ಹೊಟ್ಟೆಯ ಮೇಲಿನ ಸಣ್ಣ ಗಾಯಗಳು ಒಣಗಿವೆ. ಆದರೂ ಸ್ವಲ್ಪ ಓಡಾಡಿದರೆ ಸುಸ್ತಾಗುತ್ತದೆ, ಎರಡು ದಿನಗಳಿಂದ ಕಂದು ಬಣ್ಣದ ಸ್ರಾವವೂ ಇದೆ. ಅತ್ತೆಯವರು ಬಾಣಂತಿಯಂತೆ ಇರಬೇಕೆಂದು ನೀರು ಕಡಿಮೆ ಕೊಡುತ್ತಾರೆ, ಹಾಸಿಗೆಯಿಂದ ಏಳಲು ಬಿಡುವುದಿಲ್ಲ. ಸೂಪರ್‌ವೈಸರ್ ಮುಂದಿನ ವಾರವೇ ಕೆಲಸಕ್ಕೆ ಬರಬೇಕೆನ್ನುತ್ತಾರೆ. ಯಾರ ಮಾತು ಕೇಳಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮನ್ನು ಹೆಚ್ಚು ಹೆದರಿಸಿರುವುದು ಸ್ರಾವವೇ ಇರಬೇಕು, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಗರ್ಭಕೋಶವನ್ನು ಅದರ ಕಂಠದೊಂದಿಗೆ ತೆಗೆದಾಗ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಆ ಹೊಲಿಗೆಯ ದಾರ ತಾನಾಗಿಯೇ ಕರಗುವಂಥದ್ದು. ಅದು ಕರಗುವ ದಿನಗಳಲ್ಲಿ ಕಂದು ಅಥವಾ ತಿಳಿಗೆಂಪು ಸ್ರಾವ ಸ್ವಲ್ಪ ಸ್ವಲ್ಪವಾಗಿ ಕಾಣಿಸಿಕೊಂಡು, ಕೆಲವರಲ್ಲಿ ಆರು ವಾರಗಳವರೆಗೂ ಇರುತ್ತದೆ. ಪ್ಯಾಡ್ ಮಾತ್ರ ಬಳಸಿ. ಆದರೆ ಪ್ಯಾಡ್ ತೊಯ್ಯುವಷ್ಟು ಕೆಂಪು ರಕ್ತ ಹೋದರೆ, ದುರ್ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮೂತ್ರ ಕಟ್ಟಿದರೆ ಅಥವಾ ನೀರಿನಂಥ ದ್ರವ ತಡೆಯಿಲ್ಲದೆ ಸೋರುತ್ತಿದ್ದರೆ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗುವುದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಆಗ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಲ್ಯಾಪರೊಸ್ಕೋಪಿ ಮಾಡಿಸಿಕೊಂಡವರಿಗೆ ಮನೆಯಲ್ಲೂ ಕೆಲಸದ ಜಾಗದಲ್ಲೂ ಒಂದು ಅನ್ಯಾಯ ಆಗುತ್ತಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಹೊರಗಿನ ಗಾಯ ಬೆರಳ ಅಗಲಕ್ಕಿಂತ ಚಿಕ್ಕದಾಗಿರುವುದರಿಂದ ಒಳಗೂ ಅಷ್ಟೇ ಆಗಿದೆಯೆಂದು ಎಲ್ಲರೂ, ಎಷ್ಟೋ ಸಲ ಆಕೆಯೂ, ತಿಳಿದುಬಿಡುತ್ತಾರೆ. ಹೊಟ್ಟೆ ಕೊಯ್ದು ತೆಗೆಯಲಿ, ರಂಧ್ರ ಮಾಡಿ ತೆಗೆಯಲಿ, ಒಳಗೆ ಕತ್ತರಿಸಿ ಹೊಲಿಯುವ ಕೆಲಸ ಹೆಚ್ಚುಕಡಿಮೆ ಒಂದೇ. ನೋವು ಬೇಗ ಇಳಿದರೂ ಒಳಗಿನ ಹೊಲಿಗೆ ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದು. ಕುಡಿಯುವ ನೀರಿನ 20 ಲೀಟರ್ ಕ್ಯಾನ್, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆ ತುಂಬಿದ ಬಕೆಟ್ ಇವೆಲ್ಲ ಆ ಮಿತಿಗಿಂತ ಬಹಳ ಭಾರ. ಇವನ್ನು ಮನೆಯ ಗಂಡಸರು ಎತ್ತಲಿ, ಅದಕ್ಕಾಗಿ ನೀವು ಸಂಕೋಚಪಡಬೇಕಾದ್ದಿಲ್ಲ. ಪತ್ರದಲ್ಲಿ ಕೇಳದೆ ಬಿಟ್ಟಿದ್ದರೂ ಹೇಳುತ್ತೇನೆ: ದಾಂಪತ್ಯ ಸಂಬಂಧವೂ ವೈದ್ಯರು ಪರೀಕ್ಷಿಸಿ ಹೊಲಿಗೆ ಮಾಗಿದೆ ಎಂದು ಹೇಳಿದ ಮೇಲೆಯೇ.

ನಿಮ್ಮ ಅತ್ತೆಯವರ ಕಾಳಜಿ ದೊಡ್ಡದು. ಭಾರ ಎತ್ತಬೇಡ, ಬಿಸಿ ಊಟ ಮಾಡು ಎನ್ನುವುದರಲ್ಲಿ ಅವರು ಸರಿಯಾಗಿಯೇ ಇದ್ದಾರೆ. ನೀರು ಕಡಿಮೆ ಮಾಡುವುದು ಮತ್ತು ದಿನವಿಡೀ ಮಲಗಿಸುವುದು ಮಾತ್ರ ನಿಮಗೆ ಹಾನಿಕರ. ನೀರು ಕಡಿಮೆಯಾದರೆ ಮಲಬದ್ಧತೆಯಾಗುತ್ತದೆ, ಮುಕ್ಕಿದಾಗ ಆ ಒತ್ತಡವೆಲ್ಲ ಹೊಸ ಹೊಲಿಗೆಯ ಮೇಲೆ ಬೀಳುತ್ತದೆ. ಮೂತ್ರದ ಸೋಂಕಿನ ಅಪಾಯವೂ ಹೆಚ್ಚುತ್ತದೆ. ನಿಜ ಹೇಳಬೇಕೆಂದರೆ ಬಾಣಂತಿಗೂ ನೀರು ಕಡಿಮೆ ಮಾಡಬಾರದು. ಸದಾ ಮಲಗಿರುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಮನೆಯೊಳಗೋ ಬೀದಿಯಲ್ಲೋ ಬೆಳಿಗ್ಗೆ ಸಂಜೆ ನಿಧಾನವಾಗಿ ನಡೆಯಿರಿ, ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚಿಸಿ, ಸುಸ್ತಾದಾಗ ಮಲಗಿ. ಈ ಪುಟವನ್ನು ಅವರಿಗೂ ಓದಿ ಹೇಳಿ.

ಸುಸ್ತಿಗೆ ಆಪರೇಷನ್ ಒಂದೇ ಕಾರಣವಲ್ಲ. ಮೊದಲಿಂದಲೂ ರಕ್ತ ಹೋಗುತ್ತಿದ್ದುದರಿಂದ ಮೈಯಲ್ಲಿ ಕಬ್ಬಿಣಾಂಶವೇ ಬರಿದಾಗಿರುತ್ತದೆ. ಹಿಮೋಗ್ಲೋಬಿನ್ ಇನ್ನೊಮ್ಮೆ ನೋಡಿಸಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಳ್ಳಬೇಡಿ. ಹಿಮೋಗ್ಲೋಬಿನ್ ಸರಿಯಾಯಿತೆಂದು ಕೂಡಲೇ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಿ. ಅಂಡಾಶಯಗಳು ಉಳಿದಿರುವುದರಿಂದ ಹಾರ್ಮೋನುಗಳು ಒಮ್ಮೆಲೇ ನಿಂತುಹೋಗುವುದಿಲ್ಲ. ಋತುಬಂಧದ ಸೆಖೆ, ಬೆವರು ಸಹಜ ವಯಸ್ಸಿನಲ್ಲಿ ಅಥವಾ ಅದಕ್ಕಿಂತ ತುಸು ಮೊದಲು ಬಂದಾವು.

ಇನ್ನು ಕೆಲಸ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ಯಂತ್ರ ತುಳಿಯುವುದು, ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಹೋಗುವುದು ನಾಲ್ಕನೇ ವಾರದಲ್ಲಿ ಬೇಡ. ಆರು ವಾರಗಳ ತಪಾಸಣೆ ಮುಗಿಸಿಕೊಂಡು ಹೋಗಿ. ನಿಮಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದು, ನಿಗದಿತ ದಿನಗಳ ವಂತಿಗೆ ಸಂದಾಯವಾಗಿದ್ದರೆ ಅನಾರೋಗ್ಯ ರಜೆಗೆ ಸರಾಸರಿ ದಿನಗೂಲಿಯ ಶೇ 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಡಿಸ್ಚಾರ್ಜ್ ಪತ್ರದೊಂದಿಗೆ ನಿಮ್ಮ ಇಎಸ್‌ಐ ಚಿಕಿತ್ಸಾಲಯದ ವೈದ್ಯರನ್ನು ಕಂಡು ಪ್ರಮಾಣಪತ್ರ ಪಡೆದು, ಅದರ ಪ್ರತಿಯನ್ನು ಕಾರ್ಖಾನೆಗೆ ಕಳುಹಿಸಿ. ಇದು ನಿಮ್ಮ ಸಂಬಳದಿಂದ ಪ್ರತಿ ತಿಂಗಳು ಕಡಿತವಾದ ಹಣದಿಂದ ಬಂದ ಹಕ್ಕು. ಸೂಪರ್‌ವೈಸರ್ ಕೊಡುವ ರಿಯಾಯಿತಿಯಲ್ಲ.

ಪ್ರಶ್ನೆ: ನನಗೆ 36 ವರ್ಷ, ಇಬ್ಬರು ಮಕ್ಕಳು. ಬಿಳಿ ಸೆರಗು ಮತ್ತು ಸೊಂಟನೋವಿಗೆಂದು ಒಂದು ನರ್ಸಿಂಗ್ ಹೋಂಗೆ ಹೋದರೆ, ಮುಂದೆ ಕ್ಯಾನ್ಸರ್ ಆದೀತು, ಗರ್ಭಕೋಶ ತೆಗೆಸಿಬಿಡಿ ಎಂದರು. ಒಪ್ಪಿಕೊಳ್ಳಲೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಈಗಲೇ ಒಪ್ಪಬೇಡಿ. ಬಿಳಿ ಸೆರಗು ಬಹುತೇಕ ಸಹಜ ಸ್ರಾವ ಅಥವಾ ಮಾತ್ರೆಯಿಂದ ವಾಸಿಯಾಗುವ ಸೋಂಕು. ಸೊಂಟನೋವಿಗೂ ಗರ್ಭಕೋಶಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಗರ್ಭಕಂಠದ ಕ್ಯಾನ್ಸರಿನ ಭಯವಿದ್ದರೆ ಅದಕ್ಕೆ ಪ್ಯಾಪ್ ಪರೀಕ್ಷೆ, ಎಚ್‌ಪಿವಿ ಪರೀಕ್ಷೆಗಳಿವೆ. ಅಂಗವನ್ನೇ ತೆಗೆದುಹಾಕುವುದು ಅದರ ತಪಾಸಣೆಯಲ್ಲ. ಈ ವಯಸ್ಸಿನಲ್ಲಿ ಅಂಡಾಶಯಗಳನ್ನೂ ಜೊತೆಗೇ ತೆಗೆದರೆ ಮೂಳೆ ಸವೆತ, ಹೃದ್ರೋಗಗಳ ಅಪಾಯ ಬೇಗ ಎದುರಾಗುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಇಂಥದೇ ಭಯ ಹುಟ್ಟಿಸಿ ತೆಗೆದದ್ದು 2015ರ ಸುಮಾರಿಗೆ ಬಯಲಾಗಿ, ಆ ಮಹಿಳೆಯರು ಬೀದಿಗಿಳಿದು ನ್ಯಾಯ ಕೇಳಬೇಕಾಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿದೆ. ನಿಮ್ಮ ಸ್ಕ್ಯಾನಿಂಗ್ ವರದಿಯನ್ನು ತೆಗೆದುಕೊಂಡು ವಾಣಿವಿಲಾಸ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ನೋಡಿ. ಯಾವ ರೋಗಕ್ಕಾಗಿ ತೆಗೆಯಬೇಕು, ತೆಗೆಯದಿದ್ದರೆ ಬೇರೆ ಯಾವ ಚಿಕಿತ್ಸೆ ಇದೆ, ಅಂಡಾಶಯಗಳನ್ನು ಏನು ಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ನಿಮಗೆ ಅರ್ಥವಾಗುವ ಉತ್ತರ ಸಿಗುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.