ಯೂರಿಯಾ ಬೆರೆಸಿ ಮಾಡಿದ ರಂಧ್ರಮಯ ಟೈಟಾನಿಯಂ ಪೆಲೆಟ್ ಒಂದು ಪುಡಿಯಾಯಿತು, ಇನ್ನೊಂದು ಮುರಿಯಿತು. ಎಲ್ಲಿ ತಪ್ಪಾಗಿದೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಎಂ.ಟೆಕ್ ಪ್ರಾಜೆಕ್ಟಿಗೆ ಶೇ. 60 ರಂಧ್ರಗಳಿರುವ ಟೈಟಾನಿಯಂ ಬೇಕು. ಯೂರಿಯಾ ಮತ್ತು ಟೈಟಾನಿಯಂ ಪುಡಿಯನ್ನು 60:40 ತೂಕದಲ್ಲಿ ಬೆರೆಸಿ ಬಿಲ್ಲೆಯಾಗಿ (ಪೆಲೆಟ್) ಒತ್ತಿದ್ದೀರಿ. ಯೂರಿಯಾ ನೀರಿನಲ್ಲಿ ಕರಗಿಹೋದ ಜಾಗವೇ ರಂಧ್ರವಾಗಬೇಕು. ನೀರಿಗೆ ಹಾಕಿದ ಪೆಲೆಟ್ ಕುಸಿದುಹೋಯಿತು. ಯೂರಿಯಾ ಕಡಿಮೆ ಮಾಡಿ ಒತ್ತಿದ್ದು ಫರ್ನೇಸಿನಿಂದ ನೀಲಿ-ಬೂದು ಬಣ್ಣಕ್ಕೆ ತಿರುಗಿ ಬಂತು, ಬಿಸ್ಕತ್ತಿನಂತೆ ಮುರಿಯಿತು. ಇದೇ ತುಂಡನ್ನು ಇಂಪ್ಲಾಂಟಿಗೂ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯುವ ಎಲೆಕ್ಟ್ರೊಲೈಸರಿಗೂ ಬಳಸಬಹುದೇ ಎಂದೂ ಕೇಳಿದ್ದೀರಿ.

ಮೊದಲ ಪೆಲೆಟ್ ಹಾಳಾದದ್ದು ತೂಕದ ಲೆಕ್ಕದಿಂದ. ರಂಧ್ರದ ಶೇಕಡಾವಾರು ಯಾವತ್ತೂ ಗಾತ್ರದ್ದು (ಎಷ್ಟು ಜಾಗ ಹಿಡಿದಿದೆ ಎನ್ನುವ ಲೆಕ್ಕ), ತೂಕದ್ದಲ್ಲ. ಟೈಟಾನಿಯಂ ಸಾಂದ್ರತೆ ಘನ ಸೆಂ.ಮೀ.ಗೆ 4.51 ಗ್ರಾಂ, ಯೂರಿಯಾದ್ದು 1.32. ನೀವು ಬೆರೆಸಿದ ಮಿಶ್ರಣದಲ್ಲಿ ಗಾತ್ರದ ಲೆಕ್ಕಕ್ಕೆ ಶೇ. 84ರಷ್ಟು ಯೂರಿಯಾನೇ ಇತ್ತು. ಅದು ಕರಗಿದ ಮೇಲೆ ಲೋಹದ ಕಣಗಳು ಒಂದಕ್ಕೊಂದು ತಾಗಿಕೊಂಡಿರುವುದಕ್ಕೇ ಸಾಧ್ಯವಿರಲಿಲ್ಲ. 16 ಮಿ.ಮೀ. ವ್ಯಾಸ, 20 ಮಿ.ಮೀ. ಎತ್ತರದ ಪೆಲೆಟ್ಟಿಗೆ ಬೇಕಾದದ್ದು 7.25 ಗ್ರಾಂ ಟೈಟಾನಿಯಂ, 3.2 ಗ್ರಾಂ ಯೂರಿಯಾ. ಕಣಗಳ ನಡುವೆ ಗಾಳಿ ಉಳಿಯುವುದರಿಂದ ಒತ್ತಿದಾಗ ಎತ್ತರ ಸ್ವಲ್ಪ ಜಾಸ್ತಿಯೇ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಪುಡಿ ಯಾವುದು ಎಂದು ನೀವು ಬರೆದಿಲ್ಲ. 3ಡಿ ಪ್ರಿಂಟಿಂಗಿಗೆ ಬರುವ ದುಂಡು ಕಣದ ಪುಡಿಯಾದರೆ ಅದನ್ನು ಬಿಡಿ. ದುಂಡು ಕಣಗಳು ಒತ್ತಿದಾಗ ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಹೈಡ್ರೈಡ್-ಡಿಹೈಡ್ರೈಡ್ ವಿಧಾನದ (ಹೈಡ್ರೋಜನ್ ಸೇರಿಸಿ ಪೆಡಸು ಮಾಡಿ, ಪುಡಿಮಾಡಿ, ಮತ್ತೆ ಅದನ್ನು ತೆಗೆದದ್ದು), ಮೂಲೆಮೂಲೆಯಾದ ಕಣಗಳಿರುವ, 45 ಮೈಕ್ರಾನಿಗಿಂತ ಸಣ್ಣ ಪುಡಿ ತರಿಸಿ. ಯೂರಿಯಾ ಲ್ಯಾಬ್ ಗ್ರೇಡ್‌ದೇ ಆಗಬೇಕು. ಗೊಬ್ಬರದಂಗಡಿಯದಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ, ಅದರಿಂದ ಟೈಟಾನಿಯಂಗೆ ಇಂಗಾಲ ಸೇರುತ್ತದೆ. ಕಾಳೂ ಬಹಳ ದಪ್ಪ. ಯೂರಿಯಾವನ್ನು 250 ಮತ್ತು 425 ಮೈಕ್ರಾನ್ ಜರಡಿಗಳ ನಡುವೆ ಸೋಸಿ. ಮೂಳೆ ಒಳಗೆ ಬೆಳೆಯಲು ಸಾಮಾನ್ಯವಾಗಿ 300ರಿಂದ 600 ಮೈಕ್ರಾನ್ ರಂಧ್ರ ಚೆನ್ನ ಎನ್ನುತ್ತಾರೆ. ಈ ಸೋಸುವಿಕೆ ಅದಕ್ಕೆ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಯೂರಿಯಾ ತೇವ ಹೀರಿ ಗಂಟಾಗುತ್ತದೆ, ಸೋಸಿದ್ದನ್ನು ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ (ಡೆಸಿಕೇಟರ್) ಇಡಿ. ಬೆರೆಸುವಾಗ ಯೂರಿಯಾಗೆ ಎರಡು ಮೂರು ಹನಿ ಎಥನಾಲ್ ಹಾಕಿದರೆ ಟೈಟಾನಿಯಂ ಪುಡಿ ಅದರ ಮೈಗೆ ಅಂಟಿಕೊಳ್ಳುತ್ತದೆ. ಇಲ್ಲದಿದ್ದರೆ ಡೈಗೆ (ಒತ್ತುವ ಅಚ್ಚಿಗೆ) ಸುರಿಯುವಾಗ ಭಾರದ ಪುಡಿ ತಳಕ್ಕಿಳಿದು, ಪೆಲೆಟ್ಟಿನ ಒಂದು ತುದಿ ಗಟ್ಟಿ, ಇನ್ನೊಂದು ತುದಿ ಜಾಳು ಆಗುತ್ತದೆ.

16 ಮಿ.ಮೀ. ಡೈಗೆ 4ರಿಂದ 6 ಟನ್ ಒತ್ತಡ ಹಾಕಿ, ಅಂದರೆ ಸುಮಾರು 200ರಿಂದ 300 ಮೆಗಾಪ್ಯಾಸ್ಕಲ್. ಒಂದು ನಿಮಿಷ ಹಿಡಿದು ನಿಧಾನಕ್ಕೆ ಬಿಡಿ. ಥಟ್ಟನೆ ಬಿಟ್ಟರೆ ಅಡ್ಡ ಬಿರುಕು ಬರುತ್ತದೆ. ಪೆಲೆಟ್ಟನ್ನು ಸ್ಟೀಲ್ ಜಾಲರಿಯ ಮೇಲಿಟ್ಟು ಅಲುಗಾಡದ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಯೂರಿಯಾ ಕರಗಿಸಿ, ವ್ಯಾಕ್ಯೂಮ್ ಓವನ್ನಿನಲ್ಲಿ 60 ಡಿಗ್ರಿಗೆ ಒಣಗಿಸಿ ತೂಗಿ. 10.45 ಗ್ರಾಂ ಇದ್ದದ್ದು 7.25ರ ಹತ್ತಿರ ಬರಬೇಕು. 8 ಗ್ರಾಂನಲ್ಲೇ ನಿಂತಿದ್ದರೆ ಒಳಗೆ ಯೂರಿಯಾ ಸಿಕ್ಕಿಕೊಂಡಿದೆ, ಇನ್ನೂ ನೆನೆಯಲಿ. ಉಳಿದ ಚೂರುಪಾರನ್ನು ಹರಿಯುವ ಆರ್ಗಾನಿನಲ್ಲಿ ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ 400 ಡಿಗ್ರಿವರೆಗೆ ಕಾಯಿಸಿ ಓಡಿಸಿ. 133 ಡಿಗ್ರಿಗೆ ಯೂರಿಯಾ ಕರಗುತ್ತದೆ. ಅಲ್ಲಿ ಅವಸರ ಮಾಡಿದರೆ ಅನಿಲ ಉಬ್ಬಿ ಪೆಲೆಟ್ ಸೀಳುತ್ತದೆ. ಈ ಹಂತವನ್ನು ವ್ಯಾಕ್ಯೂಮ್ ಫರ್ನೇಸಿನಲ್ಲಿ ಮಾಡಬೇಡಿ, ಪಂಪ್ ಹಾಳಾಗುತ್ತದೆ.

ಎರಡನೇ ಪೆಲೆಟ್ಟಿನ ಕಾಯಿಲೆ ಆಮ್ಲಜನಕ. ಈ ಕೆಲಸದಲ್ಲಿ ನಿಜವಾದ ಕಷ್ಟ ಇದೇ. ಬಿಸಿ ಟೈಟಾನಿಯಂ ಆಮ್ಲಜನಕವನ್ನು ಮೈಮೇಲೆ ಮಾತ್ರ ಇಟ್ಟುಕೊಳ್ಳುವುದಿಲ್ಲ, ಒಳಗೇ ಕರಗಿಸಿಕೊಂಡು ಪೆಡಸಾಗುತ್ತದೆ. ಶುದ್ಧ ಟೈಟಾನಿಯಂನ ದರ್ಜೆಗಳಲ್ಲಿ ಗ್ರೇಡ್ 2ಕ್ಕೆ ಆಮ್ಲಜನಕದ ಮಿತಿ ಶೇ. 0.25, ಗ್ರೇಡ್ 4ಕ್ಕೂ ಶೇ. 0.40 ಅಷ್ಟೇ. ಸಣ್ಣ ಪುಡಿಯ ಪ್ರತಿ ಕಣದ ಮೇಲೂ ಆಕ್ಸೈಡ್ ಪದರ ಇದ್ದೇ ಇರುತ್ತದೆ, ಕಾಯಿಸಿದಾಗ ಅದೂ ಒಳಗಿಳಿಯುತ್ತದೆ. ಹಾಗಾಗಿ ಪುಡಿಯ ಸರ್ಟಿಫಿಕೇಟಿನಲ್ಲೇ 0.25 ಇದ್ದರೆ ಕೊನೆಗೆ ಗ್ರೇಡ್ 2 ಸಿಗುವುದಿಲ್ಲ. ವ್ಯಾಕ್ಯೂಮ್ 10ರ ಘಾತ −5 ಮಿಲಿಬಾರ್ ಆಸುಪಾಸು ಬಂದ ಮೇಲೆಯೇ ಕಾಯಿಸಿ, 1250 ಡಿಗ್ರಿಯಲ್ಲಿ 2 ಗಂಟೆ ಹಿಡಿಯಿರಿ. ಕಣಗಳು ಕರಗದೆ ಒಂದಕ್ಕೊಂದು ಬೆಸೆದುಕೊಳ್ಳುವ ಸಿಂಟರಿಂಗ್ ಹಂತ ಇದೇ. ಅಲ್ಯುಮಿನಾ ತಟ್ಟೆ ಬೇಡ, ಟೈಟಾನಿಯಂ ಅದರಿಂದಲೂ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಜಿರ್ಕೋನಿಯಾ ತಟ್ಟೆಯ ಮೇಲೆ ಯಿಟ್ರಿಯಾ ಪುಡಿ ಉದುರಿಸಿ, ಸುತ್ತ ಟೈಟಾನಿಯಂ ಸ್ಪಂಜಿನ ಚೂರು ಹರಡಿ. ಸೋರಿ ಬಂದ ಆಮ್ಲಜನಕವನ್ನು ಬಹುಪಾಲು ಅವೇ ಹೀರಿಕೊಳ್ಳುತ್ತವೆ. 100 ಡಿಗ್ರಿಗಿಂತ ಕೆಳಗಿಳಿಯುವ ತನಕ ಬಾಗಿಲು ತೆಗೆಯಬೇಡಿ.

ಬರೀ ಬಣ್ಣ ನೋಡಿ ತೀರ್ಮಾನಿಸಬೇಡಿ. ಬಿಸಿ ಇರುವಾಗ ಬಾಗಿಲು ತೆಗೆದರೂ ನೀಲಿ ಬಣ್ಣ ಬರುತ್ತದೆ, ರಂಧ್ರಗಳ ಮೂಲಕ ಗಾಳಿ ಹೊಕ್ಕು ಒಳಗೂ ಬಣ್ಣ ಹಿಡಿಯುತ್ತದೆ. ರಂಧ್ರಗಳ ನಡುವಿನ ಗೋಡೆಯ ಮೇಲೆ ಮೈಕ್ರೊ ವಿಕರ್ಸ್ (ಗಡಸುತನ ಅಳೆಯುವ) ಪರೀಕ್ಷೆ ಹಾಕಿ: 150ರಿಂದ 200 ಬಂದರೆ ಲೋಹ ಚೆನ್ನಾಗಿದೆ, 300 ದಾಟಿದರೆ ಫರ್ನೇಸ್ ಸೋರುತ್ತಿದೆಯೇ ಎಂದು ಹುಡುಕಿ. ತುಂಡು ಮಾಡುವಾಗ ಅಬ್ರೇಸಿವ್ ವೀಲ್ ಬೇಡ, ಟೈಟಾನಿಯಂ ಸವರಿಕೊಂಡು ರಂಧ್ರಗಳ ಬಾಯಿ ಮುಚ್ಚುತ್ತದೆ. ವೈರ್ ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವುದು) ಮಾಡಿಸಿ.

ಪುಡಿಗೆ ಬೆಂಕಿ ಹತ್ತಿದರೆ ನೀರಾಗಲಿ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಆಗಲಿ ಬಳಸಲೇಬೇಡಿ. ಒಣ ಮರಳು ಇಲ್ಲವೇ ಲೋಹದ ಬೆಂಕಿ ಆರಿಸುವ ಡಿ ವರ್ಗದ ಪುಡಿ ಕೈಗೆ ಸಿಗುವಂತಿರಲಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ಬಳಕೆಯ ಮಾತು. ರಂಧ್ರವಿಲ್ಲದ ಟೈಟಾನಿಯಂ ಸ್ಥಿತಿಸ್ಥಾಪಕ ಗುಣಾಂಕ (ಬಾಗದೆ ನಿಲ್ಲುವ ಬಿಗಿತದ ಅಳತೆ) ಸುಮಾರು 105 ಗಿಗಾಪ್ಯಾಸ್ಕಲ್, ಮೂಳೆಯ ಗಟ್ಟಿ ಹೊರಭಾಗದ್ದು 10ರಿಂದ 30. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆ ಸವೆಯುತ್ತದೆ. ಶೇ. 60 ರಂಧ್ರ ಮಾಡಿದರೆ ಉಳಿಯುವ ಲೋಹದ ಪಾಲು 0.4; 0.4ರ ವರ್ಗ ಗುಣಿಸು 105, ಅಂದರೆ 17 ಗಿಗಾಪ್ಯಾಸ್ಕಲ್ ಹತ್ತಿರ ಬರುತ್ತದೆ, ಅಳೆದಾಗ ಇದಕ್ಕಿಂತ ಕಡಿಮೆಯೇ ಸಿಗುವುದು ಹೆಚ್ಚು. ಪರೀಕ್ಷೆಯನ್ನು ರಂಧ್ರಮಯ ಲೋಹಗಳನ್ನು ಅದುಮಿ ನೋಡುವ ಐಎಸ್ಒ 13314 ಮಾನದಂಡದ ಪ್ರಕಾರ ಮಾಡಿ. ಲ್ಯಾಬಿನ ತುಂಡು ರೋಗಿಯ ದೇಹಕ್ಕೆ ಹೋಗುವಂಥದ್ದಲ್ಲ. ಅದಕ್ಕೆ ಜೈವಿಕ ಹೊಂದಾಣಿಕೆ, ಆಯಾಸ ಪರೀಕ್ಷೆ, ಪರವಾನಗಿ ಎಲ್ಲ ಬೇರೆಯೇ ದಾರಿ.

ಎಲೆಕ್ಟ್ರೊಲೈಸರಿಗೆ ಈ ಪೆಲೆಟ್ ಸರಿಹೋಗದು. ಪಿಇಎಂ (ಪ್ರೋಟಾನ್ ಮಾತ್ರ ದಾಟುವ ಪೊರೆ ಅಂದರೆ ಮೆಂಬ್ರೇನ್ ಇರುವ) ಸೆಲ್ಲಿನಲ್ಲಿ ಆಮ್ಲಜನಕ ಹುಟ್ಟುವ ಕಡೆ ಕಾರ್ಬನ್ ತಾಳುವುದಿಲ್ಲವೆಂದೇ ಟೈಟಾನಿಯಂ ಹಾಕುತ್ತಾರೆ. ಆದರೆ ಅಲ್ಲಿ ಬೇಕಾದದ್ದು ಹತ್ತಾರು ಮೈಕ್ರಾನ್ ರಂಧ್ರಗಳ ತೆಳು ಹಾಳೆ. ಮೇಲ್ಮೈ ಒರಟಾಗಿದ್ದರೆ ಮೆಂಬ್ರೇನ್ ಚುಚ್ಚಿಹೋಗುತ್ತದೆ. ಅದಕ್ಕೆ ಯೂರಿಯಾವೇ ಬೇಡ, ದಪ್ಪ ಪುಡಿಯನ್ನು ಹಗುರವಾಗಿ ಸಿಂಟರ್ ಮಾಡಿದರೆ ಅಥವಾ ಟೈಟಾನಿಯಂ ನಾರಿನ ಫೆಲ್ಟ್ ತಂದರೆ ಸಾಕು. ಆಕ್ಸೈಡ್ ಪದರ ವಿದ್ಯುತ್ತಿಗೆ ಅಡ್ಡ ಬರುವುದರಿಂದ ಮೇಲೆ ತೆಳುವಾಗಿ ಪ್ಲಾಟಿನಂ ಲೇಪಿಸುತ್ತಾರೆ.