ಬೆಟ್ಟದಲ್ಲಿದ್ದ ಗಂಡ ಮನೆಗೆ ಬಂದ ಮೇಲೆ ಎಲ್ಲಿ ಹೋದರು?

ಪ್ರಶ್ನೆ: ನನಗೆ 36 ವರ್ಷ. ಖಾಸಗಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಹನ್ನೊಂದು ವರ್ಷ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಏಳು ವರ್ಷದ ಮಗಳು. ಆಗಸ್ಟ್‌ನಲ್ಲಿ ನಮ್ಮ ಯಜಮಾನರು ಮೊದಲ ಸಲ ನನ್ನೊಬ್ಬಳನ್ನೇ ಕರೆದುಕೊಂಡು ಚಿಕ್ಕಮಗಳೂರು ಕಡೆ ಬೆಟ್ಟಕ್ಕೆ ಹೋದರು. ಮಗಳನ್ನು ಅತ್ತೆ ನೋಡಿಕೊಂಡರು. ನಾಲ್ಕು ದಿನ ಹೋಂಸ್ಟೇಯಲ್ಲಿದ್ದೆವು. ಅಲ್ಲಿ ಅವರು ಬೇರೆ ಮನುಷ್ಯನೇ ಆಗಿದ್ದರು. ಬೆಳಗ್ಗೆ ಕಾಫಿ ತಂದುಕೊಡುತ್ತಿದ್ದರು. ಕೆಮ್ಮಣ್ಣುಗುಂಡಿಯಲ್ಲಿ ನನ್ನ ಕಾಲಿಗೆ ಉಂಬಳ ಹತ್ತಿದಾಗ ಒದ್ದೆ ನೆಲದಲ್ಲೇ ಕೂತು ಒಂದೊಂದಾಗಿ ಬಿಡಿಸಿದರು. ಹನ್ನೊಂದು ವರ್ಷದಲ್ಲಿ ಅವರು ನನ್ನ ಪಾದ ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು. ಮನೆಗೆ ಬಂದ ಮಾರನೇ ದಿನದಿಂದ ಮತ್ತೆ ಹಳೇ ಕಥೆ. ಫೋನು, ಪೇಪರು, 'ನೀರು ತಗೊಂಡ್ ಬಾ'. ಈಗ ದಸರಾ ರಜೆಗೆ ಮಡಿಕೇರಿಗೆ ಹೋಗೋಣ ಅಂತ ರೂಮಿಗೆ ಅಡ್ವಾನ್ಸ್ ಕಳಿಸಿಬಿಟ್ಟಿದ್ದಾರೆ. ನಾನು ಬರಲ್ಲ ಅಂದೆ. 'ನಿನಗೆ ಏನು ಮಾಡಿದರೂ ಕಮ್ಮೀನೇ' ಅಂತ ಎದ್ದು ಹೋದರು. ಅವತ್ತಿನಿಂದ ಮಾತು ಅಷ್ಟಕ್ಕಷ್ಟೇ. ಬೆಟ್ಟ ಇಷ್ಟವಿಲ್ಲ ಅಂತಲ್ಲ. ವಾಪಸ್ ಬಂದ ಮೇಲಿನ ಸಂಕಟ ನನಗೆ ಬೇಡ. ಬೆಟ್ಟದಲ್ಲಿದ್ದವರು ನಿಜವೋ, ಮನೆಯಲ್ಲಿರುವವರು ನಿಜವೋ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನಿಮ್ಮ ಪತ್ರ ಉದ್ದವಿತ್ತು. ಇಲ್ಲಿ ಹಾಕಿರುವುದು ಅದರ ಸ್ವಲ್ಪ ಭಾಗ ಮಾತ್ರ. ಪೂರ್ತಿ ಓದಿದ್ದೇನೆ, ಎರಡು ಸಲ. ಅದರಲ್ಲಿ ಹೊಡೆತ, ಕುಡಿತ, ಬೈಗುಳದ ಸುದ್ದಿ ಇಲ್ಲ. ಇದ್ದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಅಂತ ಮೊದಲೇ ಹೇಳುತ್ತಿದ್ದೆ. ನಿಮ್ಮದು ಬೇರೆ ಥರದ ನೋವು. ಇದೇನು ದೊಡ್ಡ ವಿಷಯ ಅಂತ ಯಾರಾದರೂ ಅಂದಾರು. ಕಿವಿಗೆ ಹಾಕಿಕೊಳ್ಳಬೇಡಿ. ಸಿಗದೇ ಇದ್ದದ್ದು ಅಭ್ಯಾಸವಾಗಿಬಿಡುತ್ತದೆ. ನಾಲ್ಕು ದಿನ ಕೈಗೆ ಸಿಕ್ಕು ಐದನೇ ದಿನ ಇಲ್ಲವಾದರೆ ತಡೆದುಕೊಳ್ಳುವುದು ಕಷ್ಟ.

ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ, ಇಬ್ಬರೂ ನಿಜವೇ. ಆದರೆ ನಾನಾಗಿದ್ದರೆ ಬೇರೆ ಪ್ರಶ್ನೆ ಕೇಳುತ್ತಿದ್ದೆ. ಆ ನಾಲ್ಕು ದಿನ ನಿಮ್ಮಿಬ್ಬರ ಕೆಲಸವನ್ನು ಯಾರು ಮಾಡುತ್ತಿದ್ದರು?

ಯಜಮಾನರು ಕಾಫಿ ತಂದುಕೊಡುತ್ತಿದ್ದರು ಅಂತ ಬರೆದಿದ್ದೀರಿ. ಪತ್ರದಲ್ಲೇ ಇನ್ನೊಂದು ಕಡೆ, ಆ ಮನೆಯ ಅಕ್ಕ ಬೆಳಗ್ಗೆ ಆರಕ್ಕೆಲ್ಲ ಎರಡು ಲೋಟ ಕಾಫಿ ಮಾಡಿ ಅಡುಗೆಮನೆ ಕಿಟಕಿ ಕಟ್ಟೆಯ ಮೇಲೆ ಮುಚ್ಚಿಡುತ್ತಿದ್ದರು ಅಂತಲೂ ಇದೆ. ಒಲೆ ಹಚ್ಚಿದ್ದು ಅವರು. ಹಾಲು ಕಾಯಿಸಿದ್ದು ಅವರು. ಆಮೇಲೆ ಲೋಟ ತೊಳೆದದ್ದೂ ಅವರೇ. ನಿಮ್ಮವರು ಅದನ್ನು ಕಿಟಕಿಯಿಂದ ಜಗಲಿಗೆ ತಂದರು. ಹಾಗೆ ತಂದದ್ದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಪ್ರೀತಿಯಿಲ್ಲದವರು ಅಷ್ಟು ದೂರವೂ ತರುವುದಿಲ್ಲ. ಆದರೆ ಅವತ್ತು ಅವರಿಗೂ ಪುರುಸೊತ್ತಿತ್ತು, ನಿಮಗೂ ಇತ್ತು. ಕಡುಬು, ಕಳಲೆ ಪಲ್ಯ, ಅಕ್ಕಿರೊಟ್ಟಿ ಬಿಸಿಬಿಸಿಯಾಗಿ ತಟ್ಟೆಗೆ ಬರುತ್ತಿತ್ತು. ಇವತ್ತು ನಲ್ಲಿಯಲ್ಲಿ ನೀರು ಬಿಡುತ್ತಾರಾ, ಸಂಪ್ ತುಂಬಿತಾ, ಮೋಟಾರ್ ಹಾಕಬೇಕಾ ಅಂತ ಯಾರೂ ಯೋಚಿಸಬೇಕಿರಲಿಲ್ಲ. ತಲೆಗೆ ಇಷ್ಟು ಅಂತ ನೀವು ಕೊಟ್ಟ ದುಡ್ಡಿನಲ್ಲಿ ಬೆಟ್ಟವೇನೂ ಸೇರಿರಲಿಲ್ಲ, ಮಂಜಂತೂ ಬಿಟ್ಟಿ. ಆ ದುಡ್ಡು ಹೋದದ್ದು ಇನ್ನೊಬ್ಬ ಹೆಂಗಸಿನ ದುಡಿಮೆಗೆ. ಅಷ್ಟು ಹೊತ್ತು ನಿಮ್ಮಿಬ್ಬರ ನಡುವೆ ಕೆಲಸ ಇರಲಿಲ್ಲ, ಹಾಗಾಗಿ ಮಾತಿಗೆ ಜಾಗ ಸಿಕ್ಕಿತು.

ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಹೋಗುತ್ತಿದ್ದ ಜಾಗ. ಗಿರಿಧಾಮ ಅಂತ ಮಾಡಿಟ್ಟಿರುವುದೇ ದಿನದ ಜಂಜಾಟದಿಂದ ದೂರ ಇರಲಿ ಅಂತ. ಅಲ್ಲಿಂದ ಕೆಳಗಿಳಿದು ಲಿಂಗದಹಳ್ಳಿ ದಾಟುತ್ತಿದ್ದ ಹಾಗೆ ಅವರ ಫೋನಿಗೆ ಒಂದರ ಹಿಂದೊಂದು ಮೆಸೇಜ್ ಬಂದವು, ನಿಮಗೆ ಮಗಳ ಪ್ರಾಜೆಕ್ಟಿನ ಚಾರ್ಟ್ ತಗೊಂಡಿಲ್ಲ ಅಂತ ನೆನಪಾಯಿತು ಅಂತ ಬರೆದಿದ್ದೀರಿ. ರಜೆ ಮುಗಿದದ್ದು ಅಲ್ಲೇ, ದಾವಣಗೆರೆಗೆ ಬಂದ ಮೇಲಲ್ಲ.

ಖುಷಿ ಇಷ್ಟು ಬೇಗ ಇಳಿದುಹೋದದ್ದು ನಿಮ್ಮ ಸಂಸಾರದ ದೋಷ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಜೆಸ್ಸಿಕಾ ದೆ ಬ್ಲೂಮ್ ಮತ್ತು ಸಂಗಡಿಗರು ಈ ಬಗ್ಗೆ ಹಿಂದೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ 2009ರಲ್ಲಿ ಬರೆದಿದ್ದರು. ರಜೆಯಿಂದ ಮೈ-ಮನಸ್ಸು ಸುಧಾರಿಸುವುದು ಹೌದು, ಆದರೆ ಕೆಲಸಕ್ಕೆ ವಾಪಸಾದ ಮೇಲೆ ಅದು ಬೇಗ ಕರಗುತ್ತದೆ ಅಂತ ಅವರಿಗೂ ಕಂಡಿತ್ತು. ಎಲ್ಲರಿಗೂ ಆಗುವುದೇ ಇದು. ನಿಮಗೆ ಜಾಸ್ತಿ ಚುಚ್ಚುವುದಕ್ಕೆ ಕಾರಣ ಬೇರೆ ಇದೆ. ನಿಮ್ಮ ಯಜಮಾನರು ವಾಪಸಾದದ್ದು ಒಂದು ಕೆಲಸಕ್ಕೆ, ನೀವು ವಾಪಸಾದದ್ದು ಎರಡಕ್ಕೆ.

ಕೇಂದ್ರದ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ನಮ್ಮ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಅಂಥವರು ನಾಲ್ವರಲ್ಲಿ ಒಬ್ಬರು. 299 ನಿಮಿಷ ಅಂದರೆ ಹತ್ತಿರ ಹತ್ತಿರ ಐದು ಗಂಟೆ. ನೀವು ಶಾಲೆಯಲ್ಲಿ ನಿಂತು ಪಾಠ ಮಾಡಿದ ಮೇಲೆ ಮನೆಯಲ್ಲಿ ನಿಮಗೆ ಕಾಯುತ್ತಿರುವುದು ಇದು. ನಿಮ್ಮ ಸಿಟ್ಟಿಗೆ ಕಾರಣವಿದೆ. ಅದನ್ನು ಮುಚ್ಚಿಟ್ಟುಕೊಂಡು ಹೊಂದಿಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ.

ಆದರೆ ಒಂದು ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಬಿಟ್ಟಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅದೇ. ಬೆಟ್ಟದಿಂದ ಬಂದ ರಾತ್ರಿ ಊಟ ಆದ ಮೇಲೆ ನಿಮ್ಮವರು ತಮ್ಮ ತಟ್ಟೆಯ ಜೊತೆ ನಿಮ್ಮ ತಟ್ಟೆಯನ್ನೂ ಎತ್ತಿಕೊಂಡು ಸಿಂಕಿನ ಕಡೆ ಹೊರಟರು. ಅತ್ತೆ ನಕ್ಕು, 'ಏನಪ್ಪಾ, ಅಲ್ಲಿ ಟ್ರೈನಿಂಗ್ ಕೊಟ್ಟು ಕಳಿಸಿದ್ರಾ?' ಅಂದರು. ಅವರು ತಟ್ಟೆಗಳನ್ನು ಅಲ್ಲೇ ಟೇಬಲ್ ಮೇಲೆ ಇಟ್ಟು ಹೊರಗೆ ಹೋದರು.

ಅಂದರೆ ಅವರು ಬೆಟ್ಟದಲ್ಲಿದ್ದ ಹಾಗೇ ಮನೆಯಲ್ಲೂ ಇರಲು ಹೊರಟಿದ್ದರು. ಒಂದು ರಾತ್ರಿ. ಮನೆಯವರ ಕಣ್ಣಿಗೆ ಬಿದ್ದರು, ಒಂದು ಮಾತು ಬಂತು, ಬಿಟ್ಟರು. ನಮ್ಮ ಕಡೆ ಗಂಡು ಮಕ್ಕಳಿಗೆ 'ಹೆಂಡ್ತಿ ಮಾತು ಕೇಳೋನು' ಅನ್ನಿಸಿಕೊಳ್ಳುವ ಭಯ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಲವತ್ತು ದಾಟಿದ ಮೇಲೂ ಅಮ್ಮನ ನಗೆಗೆ ಹೆದರುತ್ತಾರೆ. ಇದು ಸರಿ ಅಂತ ನಾನು ಹೇಳುತ್ತಿಲ್ಲ. ಅವರು ಆ ತಟ್ಟೆಗಳನ್ನು ಸಿಂಕಿನವರೆಗೆ ತಗೊಂಡು ಹೋಗಲೇಬೇಕಿತ್ತು. ತಮಾಷೆಗೆ ತಮಾಷೆಯಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಮನಸ್ಸೇ ಇಲ್ಲದವರಿಗೂ, ಮನಸ್ಸಿದ್ದು ಧೈರ್ಯ ಸಾಲದವರಿಗೂ ವ್ಯತ್ಯಾಸ ಇದೆ. ನಿಮ್ಮವರು ಎರಡನೇ ಗುಂಪಿನವರು. ಇಂಥವರ ಜೊತೆ ಕೆಲಸ ಸಾಗುತ್ತದೆ.

ಮೊದಲು ಮಡಿಕೇರಿ ವಿಷಯ ಅವರ ಹತ್ತಿರ ಮಾತಾಡಿ. 'ಬರಲ್ಲ' ಅಂದಿರಿ, ಯಾಕೆ ಅಂತ ಹೇಳಲಿಲ್ಲ. ಅವರಿಗೆ ಕಂಡಿದ್ದೇನು? ಹೆಂಡತಿಗೆ ಖುಷಿಯಾಯಿತು, ಇನ್ನೊಂದು ಸಲ ಕರೆದುಕೊಂಡು ಹೋಗೋಣ ಅಂತ ದುಡ್ಡು ಹೊಂದಿಸಿದರು, ನೀವು ಮುಖದ ಮೇಲೆ ಬೇಡ ಅಂದಿರಿ. ಅವರಿಗೆ ಪ್ರೀತಿ ತೋರಿಸಲು ಗೊತ್ತಿರುವ ದಾರಿ ಸದ್ಯಕ್ಕೆ ಅದೊಂದೇ. ಅದನ್ನು ಮುಚ್ಚಬೇಡಿ. ಮಗಳು ಮಲಗಿದ ಮೇಲೆ, ಫೋನು ಪಕ್ಕಕ್ಕಿಡಿ ಅಂತ ಹೇಳಿ, ನನಗೆ ಬರೆದ ಮಾತನ್ನೇ ಅವರಿಗೆ ಹೇಳಿ. 'ಅಲ್ಲಿ ನೀವು ನನ್ನ ಕಾಲಿನ ಉಂಬಳ ಬಿಡಿಸಿದ್ರಿ. ಅದು ನನಗೆ ಮರೆಯೋಕಾಗ್ತಿಲ್ಲ. ಇಲ್ಲಿಗೆ ಬಂದ ಮೇಲೆ ನಾನು ನಿಮ್ಮ ಕಣ್ಣಿಗೇ ಬೀಳ್ತಿಲ್ಲ ಅನ್ನಿಸುತ್ತೆ. ಅದಕ್ಕೇ ಮತ್ತೆ ಹೋಗೋಕೆ ಭಯ.' ಇಷ್ಟೇ ಸಾಕು. ಹನ್ನೊಂದು ವರ್ಷದ ಪಟ್ಟಿ ಅವತ್ತೇ ಬಿಚ್ಚಬೇಡಿ. ಅತ್ತೆಯ ಹೆಸರನ್ನಂತೂ ಎತ್ತಲೇಬೇಡಿ. ಎತ್ತಿದರೆ ಮಾತು ಆ ಕಡೆ ತಿರುಗಿಬಿಡುತ್ತದೆ.

ಅವರು ಕೇಳಿಸಿಕೊಂಡರೆ, ಕೇಳಿಸಿಕೊಳ್ಳುತ್ತಾರೆ ಅಂತಲೇ ನನಗೆ ಅನ್ನಿಸುತ್ತದೆ, ಒಂದೆರಡು ದಿನ ಬಿಟ್ಟು ಕೆಲಸದ ಮಾತು ಎತ್ತಿ. 'ಸ್ವಲ್ಪ ಹೆಲ್ಪ್ ಮಾಡಿ' ಅನ್ನಬೇಡಿ. ಹೆಲ್ಪ್ ಅಂದರೆ ಕೆಲಸ ನಿಮ್ಮದೇ, ಅವರು ಬಿಡುವಿದ್ದಾಗ ಕೈ ಜೋಡಿಸುತ್ತಾರೆ ಅಷ್ಟೇ. ಸಿಲಿಂಡರ್ ಬುಕ್ ಮಾಡಿದ್ರಾ ಅಂತ ಮೂರು ಸಲ ಕೇಳಬೇಕಾಗಿ ಬಂದರೆ ಅದು ಇನ್ನೂ ನಿಮ್ಮ ತಲೆ ಮೇಲೇ ಇದೆ ಅಂತ ಅರ್ಥ. ಒಂದು ಕೆಲಸವನ್ನು ಬುಡದಿಂದ ತುದಿವರೆಗೆ ಕೊಟ್ಟುಬಿಡಿ. ನಾನಾದರೆ ಮಗಳ ಕೆಲಸವನ್ನೇ ಕೊಡುತ್ತಿದ್ದೆ. ರಾತ್ರಿ ಹೋಂವರ್ಕ್ ನೋಡುವುದು, ಬ್ಯಾಗ್ ಜೋಡಿಸುವುದು, ಯೂನಿಫಾರ್ಮ್ ಇಸ್ತ್ರಿ, ಬೆಳಗ್ಗೆ ಎಬ್ಬಿಸಿ, ಜಡೆ ಹಾಕಿ, ವ್ಯಾನ್ ಹತ್ತಿಸುವುದು. ಮಗಳ ಕೆಲಸ ಮಾಡಿದರೆ ಮನೆಯಲ್ಲಿ ಯಾರೂ ಆಡಿಕೊಳ್ಳುವುದಿಲ್ಲ, ಅದೂ ಒಂದು ಅನುಕೂಲ. ಅಜ್ಜಿಯೇ ಮೊಮ್ಮಗಳಿಗೆ, 'ನೋಡು, ನಿಮ್ಮಪ್ಪ ಜಡೆ ಹಾಕ್ತಾನೆ' ಅಂತ ಹೇಳಿಕೊಂಡು ಓಡಾಡುತ್ತಾರೆ.

ಕೊಟ್ಟ ಮೇಲೆ ನೀವು ಕೈ ಹಾಕಬಾರದು. ಇದು ನಿಮಗೆ ಕಷ್ಟವಾಗುತ್ತದೆ. ಜಡೆ ಸೊಟ್ಟಗಾದರೂ ಮಗಳು ಹಾಗೇ ಶಾಲೆಗೆ ಹೋಗಲಿ. ಒಂದು ದಿನ ಡ್ರಾಯಿಂಗ್ ಬುಕ್ ಮರೆತು ಹೋಗಲಿ, ಮಿಸ್ ಹತ್ತಿರ ಬೈಸಿಕೊಳ್ಳಲಿ. ನೀವೇ ಮಿಸ್, ನಿಮಗೆ ಗೊತ್ತು, ಅದರಿಂದ ಆಕಾಶ ಕಳಚಿ ಬೀಳುವುದಿಲ್ಲ. ಉಳಿದ ಆ ಹೊತ್ತಿನಲ್ಲಿ ಪಾತ್ರೆ ತೊಳೆಯುತ್ತಾ ನಿಲ್ಲಬೇಡಿ. ಕೂತ್ಕೊಳ್ಳಿ.

ಇನ್ನು ಅತ್ತೆ. 'ಮಗು ಬಿಟ್ಟು ಮಜಾ ಮಾಡ್ಕೊಂಡು ಬಂದ್ರು' ಅಂತ ಪಕ್ಕದ ಮನೆಯವರ ಹತ್ತಿರ ಹೇಳಿದರು ಅಂತ ನೊಂದುಕೊಂಡಿದ್ದೀರಿ. ಹಾಗೆ ಹೇಳಿದ್ದು ತಪ್ಪು. ಆದರೆ ಮೊಣಕಾಲು ನೋವಿರುವ ಆ ಜೀವ ನಾಲ್ಕು ದಿನ ಏಳು ವರ್ಷದ ಮಗುವಿನ ಹಿಂದೆ ಓಡಾಡಿದೆ, ಡಬ್ಬಿ ಕಟ್ಟಿದೆ, ಮಾವನವರಿಗೆ ಹೊತ್ತಿಗೆ ಸರಿಯಾಗಿ ಬಿಪಿ ಮಾತ್ರೆ ಕೊಟ್ಟಿದೆ. ಅಲ್ಲಿ ಹೋಂಸ್ಟೇ ಅಕ್ಕ, ಇಲ್ಲಿ ಅತ್ತೆ, ಇಬ್ಬರು ಹೆಂಗಸರು ದುಡಿದದ್ದಕ್ಕೆ ನಿಮಗೆ ಆ ನಾಲ್ಕು ದಿನ ಸಿಕ್ಕಿತು. ಅಕ್ಕನಿಗೆ ದುಡ್ಡಾದರೂ ಸಿಕ್ಕಿತು. ಅತ್ತೆಗೆ ನೀವಿಬ್ಬರೂ ಒಂದು ಮಾತು ಹೇಳಿದ್ದು ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಮನೆಗೆ ಕಾಫಿಪುಡಿ, ಜೇನುತುಪ್ಪ ತಂದೆವು ಅಂತ ಇದೆ, ಅಷ್ಟೇ.

ಅವರೂ ಮಾವನವರೂ ಇಬ್ಬರೇ ಎಲ್ಲಿಗಾದರೂ ಹೋಗಿದ್ದು ಯಾವಾಗ? ಕೇಳಿ ನೋಡಿ. ಆ ತಲೆಮಾರಿನ ಎಷ್ಟೋ ದಂಪತಿಗಳು ಮದುವೆ, ತಿಥಿ, ಆಸ್ಪತ್ರೆ ಬಿಟ್ಟರೆ ಜೊತೆಯಾಗಿ ಎಲ್ಲಿಗೂ ಹೋದವರಲ್ಲ. ಸೊಸೆ ಹೋದಾಗ ಒಳಗೆ ಏನೋ ಒಂದು ಚುರುಕ್ ಅನ್ನುತ್ತದೆ, ಅದು ಕೊಂಕು ಮಾತಾಗಿ ಹೊರಗೆ ಬರುತ್ತದೆ.

ಅದಕ್ಕೇ ನನ್ನ ಸಲಹೆ, ಈ ದಸರಾದಲ್ಲಿ ಬೆಟ್ಟಕ್ಕೆ ಹೋಗುವುದು ಅವರಾಗಲಿ. ಹೊರನಾಡು, ಶೃಂಗೇರಿ ಕಡೆ ಕಳಿಸಿ. ಘಟ್ಟ ನೋಡಿದ ಹಾಗೂ ಆಗುತ್ತದೆ, ದೇವರ ದರ್ಶನವೂ ಆಗುತ್ತದೆ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅತ್ತೆಗೆ ಟಿಕೆಟ್ ದುಡ್ಡೂ ಇಲ್ಲ. ಮೊಣಕಾಲಿಗೆ ಬಸ್ ಕಷ್ಟವಾದರೆ ನಿಮ್ಮ ಮಡಿಕೇರಿ ದುಡ್ಡಿನಲ್ಲಿ ಸ್ವಲ್ಪ ತೆಗೆದು ಕಾರು ಮಾಡಿಕೊಡಿ. ಆ ಎರಡು-ಮೂರು ದಿನ ಮನೆಯಲ್ಲಿ ನೀವು ಮೂವರೇ. ಅದೇ ನಲ್ಲಿ, ಅದೇ ಸಿಂಕು, ಅದೇ ಒಲೆ. ನೋಡುವವರು ಮಾತ್ರ ಇರುವುದಿಲ್ಲ. ಕಾಫಿಯನ್ನು ಹಾಲು ಕಾಯಿಸುವುದರಿಂದ ಹಿಡಿದು ನಿಮ್ಮವರೇ ಮಾಡಲಿ. ಬರದಿದ್ದರೆ ಪಕ್ಕದಲ್ಲಿ ನಿಂತು ಹೇಳಿಕೊಡಿ. ಒಂದು ಸಂಜೆ ಮಗಳನ್ನು ಕರೆದುಕೊಂಡು ಕೊಂಡಜ್ಜಿಗೆ ಹೋಗಿ. ಗುಡ್ಡವೂ ಇದೆ, ಕೆರೆಯೂ ಇದೆ, ಕತ್ತಲಾಗುವುದರೊಳಗೆ ಮನೆಗೆ ಬರಬಹುದು. ಮನೆಗೆಲಸದ ನಡುವೆಯೂ ನೀವಿಬ್ಬರು ನಗುತ್ತಾ ಇರಬಹುದಾ ಅಂತ ನಿಮಗೆ ತಿಳಿಯಬೇಕು. ಅವರಿಗೂ ತಿಳಿಯಬೇಕು. ಅದು ಮಡಿಕೇರಿಯಲ್ಲಿ ತಿಳಿಯುವುದಿಲ್ಲ.

ಅತ್ತೆ-ಮಾವ ವಾಪಸ್ ಬಂದ ಮೇಲೂ ನಿಮ್ಮವರು ತಟ್ಟೆ ಎತ್ತುತ್ತಾರಾ ಅನ್ನುವುದು ನಿಜವಾದ ಪರೀಕ್ಷೆ. ಅತ್ತೆ ಮತ್ತೆ ನಕ್ಕರೆ ನೀವು ಸುಮ್ನೆ ತಲೆ ತಗ್ಗಿಸಿ ಕೂರಬೇಡಿ. 'ಹೌದು ಅತ್ತೆ, ನಾನೇ ಕಲಿಸಿದ್ದು, ಚೆನ್ನಾಗಿ ಕಲಿತಿದ್ದಾರೆ ಅಲ್ವಾ?' ಅನ್ನಿ. ಒಬ್ಬರೇ ಎದುರಿಸುವ ಬದಲು ಇಬ್ಬರಾದರೆ ಅವರಿಗೂ ಧೈರ್ಯ ಬರುತ್ತದೆ.

ಮಡಿಕೇರಿ ಪೂರ್ತಿ ಕೈಬಿಡಬೇಡಿ, ಮುಂದೆ ಹಾಕಿ. ಹೇಗಿದ್ದರೂ ದಸರಾ ಹೊತ್ತಿನಲ್ಲಿ ಅಲ್ಲಿ ಜನಜಾತ್ರೆ. ವಿಜಯದಶಮಿ ರಾತ್ರಿ ದಶಮಂಟಪದ ಮೆರವಣಿಗೆ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ, ರೂಮಿನ ಬಾಡಿಗೆ ಏರಿರುತ್ತದೆ, ಊರೊಳಗೆ ಗಾಡಿ ತಿರುಗಿಸುವುದೂ ಕಷ್ಟ. ನಿಮಗೆ ಬೇಕಾದ ಏಕಾಂತ ಆಗ ಸಿಗುವುದಿಲ್ಲ. ಅಡ್ವಾನ್ಸ್ ವಾಪಸ್ ಕೇಳುವ ಬದಲು ದೀಪಾವಳಿ ಆದ ಮೇಲಿನ ತಾರೀಖಿಗೆ ಬದಲಿಸಿಕೊಡಿ ಅಂತ ಕೇಳಲಿ. ಆಗ ಮಳೆಯೂ ಕಮ್ಮಿ ಆಗಿರುತ್ತದೆ. ಆದರೆ ಆ ತಾರೀಖು ನಿಮ್ಮವರೊಬ್ಬರೇ ನಿಗದಿ ಮಾಡುವುದು ಬೇಡ. ಮಗಳನ್ನು ನೋಡಿಕೊಳ್ಳುವವರು ಅತ್ತೆ. ಯಾವಾಗ ಹೋದರೆ ನಿಮಗೆ ಅನುಕೂಲ ಅಂತ ಮಗನೇ ಹೋಗಿ ಅಮ್ಮನನ್ನು ಕೇಳಲಿ, ಆಮೇಲೆ ರೂಮಿನವರಿಗೆ ಫೋನ್ ಮಾಡಲಿ.